ಬಾಯಿಗೂ ಮೈಕಿಗೂ ಒಂದು ಗೇಣು

"ಹತ್ತು ಸಾವಿರ ಒಟ್ಟು ಮಾಡಿದೀನಿ ಸಾರ್, ಯಾವ ಕ್ಯಾಮೆರಾ ತಗೊಳ್ಲಿ?"

ಈ ಪ್ರಶ್ನೆಯನ್ನು ನನಗೆ ಕೇಳುವವರಲ್ಲಿ ತುಮಕೂರಿನ ಕಾಲೇಜು ಹುಡುಗರಿದ್ದಾರೆ, ಗುಬ್ಬಿ ಕಡೆಯ ಅಡಿಕೆ ತೋಟದವರಿದ್ದಾರೆ, ಕುಣಿಗಲ್‌ನಲ್ಲಿ ಮನೆಯ ಒಲೆಯ ಮುಂದೆಯೇ ಅಡುಗೆ ವಿಡಿಯೊ ಮಾಡುವ ಹೆಂಗಸರಿದ್ದಾರೆ, ನಿವೃತ್ತ ಮೇಷ್ಟ್ರುಗಳೂ ಇದ್ದಾರೆ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂದವು. ಅಲ್ಲಿಂದ ಈಚೆಗೆ ಕೇಳುವವರ ಸಂಖ್ಯೆ ಏರುತ್ತಲೇ ಇದೆ. ಕೈಯಲ್ಲಿರುವ ದುಡ್ಡು ಐದು ಸಾವಿರವಿರಲಿ, ಒಂದು ಲಕ್ಷವಿರಲಿ, ಪ್ರಶ್ನೆ ಬಂದು ನಿಲ್ಲುವುದು ಕ್ಯಾಮೆರಾದ ಹತ್ತಿರವೇ. ಮೈಕ್ ಯಾವುದು ಅಂತ ಮೊದಲ ಸಲವೇ ಕೇಳಿದವರನ್ನು ಒಂದು ಕೈಬೆರಳಲ್ಲಿ ಎಣಿಸಿ ಮುಗಿಸಬಹುದು.

ಕ್ಯಾಮೆರಾದ ದುಡ್ಡು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ ಎನ್ನುತ್ತೇನೆ ನಾನು. ಕೇಳಿದವರ ಮುಖ ಸಣ್ಣಗಾಗುತ್ತದೆ. ಇವನಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಹೋದವರೂ ಉಂಟು.

ಗುಬ್ಬಿಯ ಸೀಮೆಯವರು ದನಿಯನ್ನು ಮರೆಯುವುದು ವಿಚಿತ್ರವೇ ಸರಿ. 1884ರಲ್ಲಿ ಆ ಊರಿನಲ್ಲಿ ಶುರುವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನು ತಂದ ಕಂಪನಿ ಅದು. ಕಣ್ಣಿಗೆ ಹಬ್ಬ ಮಾಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ಆನೆ ಬಂದು ಹೋದ ಮೇಲೂ ನಾಟಕ ನಡೆಯಬೇಕಲ್ಲ? ನೆಲದ ಟಿಕೆಟ್ಟಿನಲ್ಲಿ ಕಟ್ಟಕಡೆಗೆ ಕೂತವನಿಗೂ ಮಾತು, ಹಾಡು ಮುಟ್ಟಬೇಕಿತ್ತು. ಮೈಕ್ ಇಲ್ಲದ ದಿನಗಳಲ್ಲಿ ಅದಕ್ಕೆ ನಟನ ಗಂಟಲೇ ಗತಿ. ಈಗ ನೋಡುವವನು ಕಡೆಯ ಸಾಲಿನಲ್ಲಿಲ್ಲ, ಫೋನನ್ನು ಮುಖದಿಂದ ಮೊಳ ದೂರದಲ್ಲಿ ಹಿಡಿದು ಕೂತಿದ್ದಾನೆ. ಚಿತ್ರ ಅಷ್ಟು ಹತ್ತಿರ ಬಂದಿದೆ, ದನಿ ಮಾತ್ರ ಹತ್ತಡಿ ಆಚೆಯಿಂದ, ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ. ಅರ್ಥವಾಗದ ಮಾತನ್ನು ಐದು ಸೆಕೆಂಡೂ ಸಹಿಸುವುದಿಲ್ಲ, ಬೆರಳು ಮೇಲಕ್ಕೆ ಸರಿಯುತ್ತದೆ. ದನಿ ಸ್ಪಷ್ಟವಿದ್ದರೆ ಚಿತ್ರವೂ ಬೇಕಿಲ್ಲ: ಡಾ. ಬ್ರೋ ಎಂದೇ ಹೆಸರಾದ ಯೂಟ್ಯೂಬರ್ ಗಗನ್ ಶ್ರೀನಿವಾಸ್ ಅವರ "ನಮಸ್ಕಾರ ದೇವ್ರು" ಪಕ್ಕದ ಕೋಣೆಯಿಂದ ಕೇಳಿಸಿದರೂ ಸಾಕು, ಮನೆಯ ಮಕ್ಕಳು ಮುಖ ನೋಡದೆಯೇ ಗುರುತು ಹಿಡಿಯುತ್ತವೆ.

ಇದರ ಲೆಕ್ಕ ಹೈಸ್ಕೂಲು ಭೌತಶಾಸ್ತ್ರದ್ದೇ. ಬಾಯಿಗೂ ಮೈಕಿಗೂ ಇರುವ ದೂರ ಇಮ್ಮಡಿಯಾದಾಗಲೆಲ್ಲ ಬಾಯಿಂದ ನೇರವಾಗಿ ಬರುವ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಗೇಣಿನಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಎಂಟಕ್ಕೆ ಹೋದರೆ 18 ಡೆಸಿಬೆಲ್ ಹೋಯಿತು. ಎಂಟು ಗೇಣು ಅಂದರೆ ಆರಡಿ, ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನು ಸಾಮಾನ್ಯವಾಗಿ ಇರುವ ದೂರ. ಇತ್ತ ಫ್ಯಾನಿನ ಗುಂಯ್‌ಗುಟ್ಟುವಿಕೆ, ಗೋಡೆಗೆ ಬಡಿದು ವಾಪಸು ಬರುವ ಮಾರ್ದನಿ, ರಸ್ತೆಯ ಲಾರಿ ಯಾವುದೂ ಇಳಿಯುವುದಿಲ್ಲ. ಅವು ಇದ್ದಲ್ಲೇ ಇರುತ್ತವೆ. ಆಗ ಫೋನು ತಾನೇ ಮಟ್ಟ ಏರಿಸುತ್ತದೆ, ಮಾತಿನ ಜೊತೆಗೆ ಫ್ಯಾನೂ ಏರುತ್ತದೆ. ಲಕ್ಷ ರೂಪಾಯಿಯ ಕ್ಯಾಮೆರಾ ಆರಡಿ ದೂರ ನಿಂತರೂ ಇದೇ ಪಾಡು. ಐನೂರರ ಮೈಕನ್ನು ಅಂಗಿಯ ಎರಡನೇ ಗುಂಡಿಗೆ ಸಿಕ್ಕಿಸಿದರೆ ಅದನ್ನು ಸೋಲಿಸುತ್ತದೆ.

ಹಾಗಾಗಿ ಮೊದಲ ಖರೀದಿ ತಂತಿಯ ಕಾಲರ್ ಮೈಕ್. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಬೋಯಾ ಬಿವೈ-ಎಂ1 ಈ ದರ್ಜೆಯಲ್ಲಿ ಹಳೆಯ ಹುಲಿ. ಅದಕ್ಕೆ ಆರು ಮೀಟರ್ ತಂತಿ, ಒಂದು ಎಲ್‌ಆರ್44 ಗುಂಡಿ ಸೆಲ್ಲು, ಫೋನಿಗೋ ಕ್ಯಾಮೆರಾಕ್ಕೋ ಎಂದು ಬದಲಿಸುವ ಒಂದು ಸ್ವಿಚ್ಚು ಇವೆ. ಆ ಸ್ವಿಚ್ಚು ತಪ್ಪು ಬದಿಗಿದ್ದು ಮೈಕ್ ಕೆಟ್ಟಿದೆ ಎಂದು ವಾಪಸು ಮಾಡಿದವರ ಕಥೆ ಅಂಗಡಿಯವರನ್ನು ಕೇಳಿ. ಕೊಳ್ಳುವ ಮೊದಲು ಪಿನ್ನಿನ ತುದಿಯ ಕಪ್ಪು ಗೆರೆಗಳನ್ನು ಎಣಿಸಬೇಕು: ಮೂರು ಗೆರೆಯದು ಫೋನಿಗೆ, ಎರಡು ಗೆರೆಯದು ಕ್ಯಾಮೆರಾಕ್ಕೆ. ಈಚಿನ ಫೋನುಗಳಲ್ಲಿ ಆ ಗುಂಡನೆಯ ತೂತೇ ಇರುವುದಿಲ್ಲ. ಅವಕ್ಕೆ ಟೈಪ್-ಸಿ ಕನ್ವರ್ಟರ್ ಬೇಕು, ಮತ್ತು ನೂರು ರೂಪಾಯಿಯ ಕನ್ವರ್ಟರ್ ಎಷ್ಟೋ ಫೋನುಗಳಲ್ಲಿ ಮೈಕನ್ನು ಗುರುತಿಸುವುದೇ ಇಲ್ಲ. ನಿಮ್ಮ ಫೋನನ್ನೇ ಒಯ್ದು ಅಂಗಡಿಯ ಕಟ್ಟೆಯ ಮೇಲೇ ರೆಕಾರ್ಡ್ ಮಾಡಿ, ಕೇಳಿ, ಆಮೇಲೆ ದುಡ್ಡು ಕೊಡಿ.

ದುಡ್ಡೇ ಇಲ್ಲದವರಿಗೂ ದಾರಿಯಿದೆ. ಮನೆಯಲ್ಲಿ ಗಾಜು ಒಡೆದು ಮೂಲೆ ಸೇರಿದ ಹಳೆಯ ಫೋನು ಇದ್ದೇ ಇರುತ್ತದೆ. ತಂತಿಯ ಇಯರ್‌ಫೋನನ್ನು ಅದಕ್ಕೆ ಸಿಕ್ಕಿಸಿ, ಫೋನನ್ನು ಜೇಬಿಗಿಳಿಸಿ, ಇಯರ್‌ಫೋನಿನ ಮೈಕನ್ನು ಕಾಲರಿಗೆ ಪಿನ್ನು ಮಾಡಿ. ಚಿತ್ರ ಒಂದು ಫೋನಿನಲ್ಲಿ, ದನಿ ಇನ್ನೊಂದರಲ್ಲಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎರಡನ್ನೂ ಹೊಂದಿಸಲು ಗುರುತು ಸಿಕ್ಕಿತು. ಸಿನಿಮಾದವರ ಕ್ಲ್ಯಾಪ್ ಹಲಗೆಯ ಕೆಲಸವೂ ಇಷ್ಟೇ. ಆದರೆ ಬ್ಲೂಟೂತ್ ಇಯರ್‌ಫೋನಿನ ಮೈಕನ್ನು ನಂಬಬೇಡಿ. ಅದು ದನಿಯನ್ನು ದೂರವಾಣಿಯ ಮಾತಿನಷ್ಟು ಕಿರಿದು ಮಾಡಿ ಕಳಿಸುತ್ತದೆ.

ಕಾಲರ್ ಮೈಕ್ ಹಾಕುವುದು ಒಂದು ಕಸುಬು. ಗಂಡಸರ ಅಂಗಿಗೆ ಸುಲಭ. ಸೀರೆಯ ಸೆರಗಿಗೆ ಹಾಕಿದರೆ ತಾಳಿಸರ ಬಂದು ತಾಗಿ ಮಾತು ಮಾತಿಗೂ ಟಿಕ್ಕೆನ್ನುತ್ತದೆ, ಅಡುಗೆ ಮಾಡುವಾಗ ಗಾಜಿನ ಬಳೆಯದು ಬೇರೆಯೇ ಸಂಗೀತ. ಸರವನ್ನು ಒಳಗೆ ಸರಿಸಿ, ಮೈಕನ್ನು ಹೆಗಲಿನ ಪಿನ್ನಿನ ಹತ್ತಿರ ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು. ಬಳೆ ತೆಗೆಯಿರಿ ಎಂದು ಮಾತ್ರ ಯಾರಿಗೂ ಹೇಳಬೇಡಿ, ನಾನು ಹೇಳಿ ಬೈಸಿಕೊಂಡಿದ್ದೇನೆ.

ಮೈಕಿನಷ್ಟೇ ಮುಖ್ಯ ಕೋಣೆ. ಆರ್‌ಸಿಸಿ ತಾರಸಿ, ನುಣುಪು ಟೈಲ್ಸಿನ ನೆಲ, ಖಾಲಿ ಗೋಡೆ ಇರುವ ಹೊಸ ಮನೆಯ ಹಾಲು ದನಿಗೆ ಅತಿ ಕೆಟ್ಟ ಜಾಗ. ಅದೇ ಮನೆಯ ಮಲಗುವ ಕೋಣೆಯಲ್ಲಿ ಹಾಸಿಗೆ, ಕೌದಿ, ಬಾಗಿಲು ತೆರೆದ ಬಟ್ಟೆಯ ಬೀರು ಇದ್ದರೆ ಪುಕ್ಕಟೆ ಸ್ಟುಡಿಯೊ ಸಿಕ್ಕಂತೆ. ಗೋಡೆಗೆ ಅಂಟಿಸುವ ಮೊಟ್ಟೆ ತಟ್ಟೆಗೆ ದುಡ್ಡು ಹಾಕಬೇಡಿ, ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಒಂದು ದಪ್ಪ ಕಂಬಳಿ ಅದಕ್ಕಿಂತ ಮೇಲು. ದನಿಯೊಂದನ್ನೇ ನೆಚ್ಚಿ ಮನೆಯಿಂದಲೇ ಶುರು ಮಾಡುವುದು ನಮಗೆ ಹೊಸದೂ ಅಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರು ಮಾಡಿದರು, 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ನಾಡಿಗೆ ಹಬ್ಬಿತು. ತುಮಕೂರಿನಲ್ಲೂ ರೇಡಿಯೊ ಸಿದ್ಧಾರ್ಥ 90.8 ಎಂಬ ಸಮುದಾಯ ಬಾನುಲಿ ಇದೆ. ಮೈಕಿನ ಮುಂದೆ ಎಷ್ಟು ದೂರ ಕೂರಬೇಕು, ಪಕಾರ ಬಕಾರಗಳು ಬಂದಾಗ ಮುಖ ಎತ್ತ ತಿರುಗಿಸಬೇಕು ಎಂಬುದನ್ನು ಬಾನುಲಿಯವರಷ್ಟು ಚೆನ್ನಾಗಿ ಹೇಳಿಕೊಡುವವರು ಇಲ್ಲ. ಎರಡನೆಯ ಗುರು ಶಾಮಿಯಾನದ ಜೊತೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವರು. ಮದುವೆ ಮನೆಗಳಲ್ಲಿ ಕಿರ್ರೆನ್ನುವ ಮೈಕನ್ನು ಸುಮ್ಮನಾಗಿಸುತ್ತ ಬಂದವರ ಕಿವಿ ಪಳಗಿರುತ್ತದೆ.

ಕೂತು ಮಾತಾಡುವ ಪಾಡ್‌ಕಾಸ್ಟಿಗೆ ಮೇಜಿನ ಮೈಕ್ ಬೇಕೆಂದರೆ ಒಂದು ಎಚ್ಚರಿಕೆ. ಬಿಎಂ-800 ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುವ ಕಂಡೆನ್ಸರ್ ಮೈಕು ಫೋಟೊದಲ್ಲಿ ಸ್ಟುಡಿಯೊ ಮೈಕಿನ ಹಾಗೇ ಕಾಣುತ್ತದೆ, ಆದರೆ ಸರಿಯಾಗಿ ಕೆಲಸ ಮಾಡಲು 48 ವೋಲ್ಟಿನ ಫ್ಯಾಂಟಂ ಪವರ್ ಬೇಡುತ್ತದೆ. ಮೇಲಾಗಿ ಕಂಡೆನ್ಸರು ಪಕ್ಕದ ಮನೆಯ ಕುಕ್ಕರಿನ ವಿಶಿಲನ್ನೂ ಬಿಡುವುದಿಲ್ಲ. ಸದ್ದಿನ ಬೀದಿಯಲ್ಲಿರುವವರಿಗೆ ಬಾಯಿಯ ಹತ್ತಿರವೇ ಇಟ್ಟುಕೊಳ್ಳುವ ಡೈನಮಿಕ್ ಮೈಕು, ಅದರಲ್ಲೂ ಯುಎಸ್‌ಬಿ ತಂತಿಯದು, ಲೇಸು.

ಇನ್ನು ವೈರ್‌ಲೆಸ್. 2019ರಲ್ಲಿ ರೋಡ್ ಕಂಪನಿಯ ವೈರ್‌ಲೆಸ್ ಗೋ ಬಂದ ಮೇಲೆ ಬೆಂಕಿಪೊಟ್ಟಣದಷ್ಟು ಮೈಕಿನ ಯುಗ ಶುರುವಾಯಿತು. ಡಿಜೆಐ ಬಂತು, ಬೋಯಾ ಬಂತು, ಈಗ ಎಂಟುನೂರು ರೂಪಾಯಿಗೂ ಹೆಸರಿಲ್ಲದ ಜೋಡಿ ಮೈಕುಗಳು ಸಿಗುತ್ತವೆ. ತೋಟದಲ್ಲಿ ನಡೆಯುತ್ತ ಮಾತಾಡುವವರಿಗೆ, ಜಾತ್ರೆಯಲ್ಲಿ ಸುತ್ತುವವರಿಗೆ ಇದು ವರವೇ. ಆದರೆ ಇವುಗಳಲ್ಲಿ ಹೆಚ್ಚಿನವು ವೈಫೈ ಓಡಾಡುವ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತವೆ. ಸಾವಿರ ಫೋನು ಸೇರಿದ ತೇರಿನ ಬೀದಿಯಲ್ಲಿ, ಡಬ್ಬಿಯ ಮೇಲೆ ಬರೆದ ದೂರದ ಕಾಲುಭಾಗ ಸಿಕ್ಕರೂ ಹೆಚ್ಚು. ಮೈಕ್ ಹಾಕಿದವರು ಬೆನ್ನು ತಿರುಗಿಸಿದರೆ ಅವರ ಮೈಯೇ ಅಲೆಗಳಿಗೆ ಅಡ್ಡ ನಿಲ್ಲುತ್ತದೆ.

ಅಗ್ಗದ ವೈರ್‌ಲೆಸ್ಸಿನ ದೊಡ್ಡ ಕಂಟಕ ಸದ್ದು ತಗ್ಗಿಸುವ ಗುಂಡಿ. ಗುಬ್ಬಿ ತಾಲ್ಲೂಕಿನ ಒಂದು ತೆಂಗಿನ ತೋಟದಲ್ಲಿ ಹಿರಿಯ ರೈತರೊಬ್ಬರನ್ನು ಒಂದು ಗಂಟೆ ಮಾತಾಡಿಸಿದ್ದೆ. ಮನೆಗೆ ಬಂದು ಕೇಳಿದರೆ ಪ್ರತಿ ಮಾತಿನ ಬಾಲ ಕತ್ತರಿಸಿ ಹೋಗಿದೆ, ದನಿ ನೀರೊಳಗಿಂದ ಬಂದಂತಿದೆ. ಗುಂಡಿ ಯಾವಾಗ ಒತ್ತಿಹೋಯಿತೋ ಗೊತ್ತಿಲ್ಲ. ಆ ಯಂತ್ರ ಗರಿಯ ಸರಸರವನ್ನು ತಗ್ಗಿಸಲು ಹೋಗಿ ಅವರ ಸಕಾರಗಳನ್ನೂ ತಿಂದಿತ್ತು. ಮರುವಾರ ಮತ್ತೆ ಹೋದೆ, ಅದೇ ಮಾತು ಮೊದಲಿನ ಹುರುಪಿನಲ್ಲಿ ಬರಲಿಲ್ಲ.

ಗರಿಯ ಸದ್ದು ಅಂದೆನಲ್ಲ, ನಮ್ಮ ಕಡೆ ಆಷಾಢದ ಗಾಳಿ ಬೇರೆಯೇ ಒಂದು ಅಧ್ಯಾಯ. ಗಾಳಿ ನೇರವಾಗಿ ಮೈಕಿಗೆ ಬಡಿದು ಏಳುವ ಗುಡುಗನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು. ಅದಕ್ಕೆ ಮದ್ದು ಮೈಕಿನ ತಲೆಗೆ ಹಾಕುವ ತುಪ್ಪಳದ ಟೋಪಿ. ಕಸುಬಿನವರು ಅದನ್ನು 'ಡೆಡ್ ಕ್ಯಾಟ್' ಎನ್ನುತ್ತಾರೆ, ನೋಡಲು ಹಾಗೇ ಇರುತ್ತದೆ. ನೂರಿನ್ನೂರು ರೂಪಾಯಿಯ ಈ ತುಂಡು ಬಟ್ಟೆ ಹೊರಗೆ ಚಿತ್ರೀಕರಿಸುವವರಿಗೆ ಎರಡನೇ ಕ್ಯಾಮೆರಾಕ್ಕಿಂತ ಮುಖ್ಯ.

ಮೈಕು ಹತ್ತಿರವಿರಬೇಕು ಎಂಬ ನನ್ನ ಮಾತಿಗೆ ಒಂದು ಅಪವಾದ ಉಂಟು. ಸೋಮನ ಕುಣಿತದ ಮುಂದೆ ಅರೆ, ತಮಟೆ ಬಡಿಯುವಾಗ ಒಂದು ಗೇಣಿನ ಲೆಕ್ಕ ನಡೆಯುವುದಿಲ್ಲ. ಫೋನಿನ ಮೈಕಿಗೆ ಆ ಪೆಟ್ಟು ತಡೆಯದು, ಸದ್ದಿನ ತಲೆ ಒಡೆದು ಬರೀ ಪರಪರ ಉಳಿಯುತ್ತದೆ. ಒಮ್ಮೆ ಹಾಗೆ ಒಡೆದ ಸದ್ದನ್ನು ಆಮೇಲೆ ಸರಿಮಾಡಲಾಗದು. ಅಲ್ಲಿ ಇಪ್ಪತ್ತು ಮೂವತ್ತು ಅಡಿ ಹಿಂದೆ ಸರಿಯಬೇಕು, ಫೋನಿನ ಪ್ರೊ ಮೋಡಿನಲ್ಲಿ ಮೈಕಿನ ಮಟ್ಟ ಇಳಿಸಬೇಕು. ಜನಪದ ಕಲೆಗಳನ್ನೇ ದಾಖಲಿಸುತ್ತೇನೆ ಎಂದು ಹೊರಟವರು ಕೈಯಲ್ಲಿ ಹಿಡಿಯುವ ಪ್ರತ್ಯೇಕ ರೆಕಾರ್ಡರಿಗೆ ದುಡ್ಡು ಕೂಡಿಸಬೇಕು. 2024ರಲ್ಲಿ ಬಂದ ಝೂಮ್ ಎಚ್1 ಎಸೆನ್ಶಿಯಲ್‌ನಂಥವು 32 ಬಿಟ್ ಫ್ಲೋಟ್ ಎಂಬ ಬಗೆಯಲ್ಲಿ ದಾಖಲಿಸುತ್ತವೆ. ಮಟ್ಟ ಹೊಂದಿಸುವ ಗೋಜೇ ಇಲ್ಲ: ಭಾಗವತರ ಪಿಸುಮಾತೂ ತಮಟೆಯ ಏಟೂ ಒಂದೇ ಕಡತದಲ್ಲಿ ಉಳಿಯುತ್ತವೆ, ಎಡಿಟಿಂಗ್ ವೇಳೆ ಬೇಕಾದ್ದನ್ನು ಏರಿಸಿ ಇಳಿಸಿಕೊಳ್ಳಬಹುದು. ನಮ್ಮ ಜಿಲ್ಲೆಯ ಮೂಡಲಪಾಯ ಯಕ್ಷಗಾನವನ್ನು ಚಿತ್ರೀಕರಿಸುವವರು ಇದನ್ನು ಗಮನಿಸಬೇಕು. ಅಲ್ಲಿ ರಂಗದ ಮೇಲೆ ಯಾರ ಅಂಗಿಗೂ ಮೈಕ್ ಸಿಕ್ಕಿಸಲಾಗದು.

ಕ್ಯಾಮೆರಾದ ವಿಷಯಕ್ಕೆ ಕಡೆಗೂ ಬಂದೆ. ನಿಮ್ಮ ಜೇಬಿನಲ್ಲಿರುವುದೇ ಸಾಕು. ಸೆಲ್ಫಿಯದಲ್ಲ, ಹಿಂಬದಿಯ ಕ್ಯಾಮೆರಾ ಬಳಸಿ; ಶುರು ಮಾಡುವ ಮುನ್ನ ಲೆನ್ಸನ್ನು ಒರೆಸಿ. ಅರ್ಧದಷ್ಟು ಮಂಜು ಮಂಜು ವಿಡಿಯೊಗಳು ಬೆರಳ ಜಿಡ್ಡಿನ ಕೊಡುಗೆ. 1080ಪಿ ಧಾರಾಳವಾಯಿತು. ಅದರಲ್ಲಿ ನಿಮಿಷಕ್ಕೆ 130 ಎಂಬಿ ಆಸುಪಾಸು ತುಂಬಿದರೆ 4ಕೆಯಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚು ತುಂಬುತ್ತದೆ. ಹಳ್ಳಿಯ ನೆಟ್‌ವರ್ಕಿನಲ್ಲಿ ಅದನ್ನು ಏರಿಸಲು ರಾತ್ರಿಯೆಲ್ಲ ಕಾಯಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸೆಟ್ಟಿಂಗ್ ಇದೆ. ನಮ್ಮ ಕರೆಂಟು 50 ಹರ್ಟ್ಸ್, ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಫೋನು ಬೇರೆ ಲಯದಲ್ಲಿ ಚಿತ್ರ ಹಿಡಿದರೆ ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಪಟ್ಟೆಗಳು ಓಡುತ್ತವೆ. ಸೆಕೆಂಡಿಗೆ 25 ಫ್ರೇಮಿನ ಆಯ್ಕೆ ಇದ್ದರೆ ಅದನ್ನು ಆರಿಸಿ, ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಮಾಯ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್. ಅಲ್ಲಿನವರ ವಿಡಿಯೊ ನೋಡಿ 30, 60 ಎಂದು ಇಟ್ಟುಕೊಳ್ಳುವವರಿಗೆ ಈ ಕಾಟ ತಪ್ಪಿದ್ದಲ್ಲ.

ಬಣ್ಣವೂ ಹೀಗೆಯೇ ಕೈಕೊಡುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ 'ಸಿದ್ದು' ಹಲಸನ್ನು ತೆಗೆದುಕೊಳ್ಳಿ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ, ಆ ತೋಟದ ರೈತರ ಜೊತೆ ಒಪ್ಪಂದ ಮಾಡಿಕೊಂಡು ಸಸಿ ಹರಡಿದ ತಳಿ ಅದು. ಅದರ ಹೆಗ್ಗಳಿಕೆಯೇ ತಾಮ್ರಗೆಂಪು ತೊಳೆ. ಫೋನಿನ ಆಟೊ ವೈಟ್ ಬ್ಯಾಲೆನ್ಸ್ ಹಸಿರು ತೋಟವನ್ನೂ ಕೆಂಪು ತೊಳೆಯನ್ನೂ ಸರಿದೂಗಿಸಲು ಹೋಗಿ ಒಮ್ಮೆ ಹಳದಿ, ಒಮ್ಮೆ ಗುಲಾಬಿ ತೋರಿಸುತ್ತದೆ. ಸಸಿ ಮಾರುವವನ ವಿಡಿಯೊದಲ್ಲಿ ಬಣ್ಣ ತಪ್ಪಿದರೆ ಏನು ಉಳಿಯಿತು? ಹಣ್ಣಿನ ಪಕ್ಕ ಬಿಳಿ ಹಾಳೆ ಹಿಡಿದು ವೈಟ್ ಬ್ಯಾಲೆನ್ಸ್ ಹೊಂದಿಸಿ ಲಾಕ್ ಮಾಡಬೇಕು. ಕಿಟಕಿಯ ಬೆಳಕು, ಟ್ಯೂಬ್‌ಲೈಟು, ಹಳದಿ ಬಲ್ಬು ಮೂರನ್ನೂ ಬೆರೆಸಬಾರದು. ಕಿಟಕಿಯ ಬೆಳಕನ್ನು ಒಂದು ಕೆನ್ನೆಗೆ ಬಿಟ್ಟು, ಇನ್ನೊಂದು ಕಡೆ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ನೂರು ರೂಪಾಯಿಗೆ ಲೈಟಿಂಗ್ ಮುಗಿಯಿತು. ರಾತ್ರಿ ಕೆಲಸ ಮಾಡುವವರಿಗೆ ಬ್ಯಾಟರಿಯಿಂದಲೂ ಉರಿಯುವ ಎಲ್‌ಇಡಿ ಪ್ಯಾನೆಲ್ ಇರಲಿ, ಕರೆಂಟನ್ನು ನಂಬಿ ಅತಿಥಿಯನ್ನು ಕೂರಿಸಿಕೊಳ್ಳಬೇಡಿ. ರಿಂಗ್ ಲೈಟು ನನಗೆ ಹಿಡಿಸುವುದಿಲ್ಲ. ಕನ್ನಡಕದವರ ಎರಡೂ ಕಣ್ಣಲ್ಲಿ ಎರಡು ಕೋಡುಬಳೆ ಮೂಡುತ್ತವೆ.

ಆರು ತಿಂಗಳು ಬಿಡದೆ ವಿಡಿಯೊ ಮಾಡಿ, ಫೋನು ಸಾಲದು ಎಂದು ನಿಮಗೇ ಅನ್ನಿಸಿದರೆ ಆಗ ದೊಡ್ಡ ಕ್ಯಾಮೆರಾ. ಮದುವೆ ಫೋಟೊ ಬಿಟ್ಟವರಿಂದ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಸಿಗುತ್ತವೆ, ಕೊಳ್ಳುವವರು ಬೆಲೆ ನೋಡುತ್ತಾರೆಯೇ ಹೊರತು ತೂತು ನೋಡುವುದಿಲ್ಲ. ಕ್ಯಾನನ್ 1500ಡಿಯಲ್ಲಾಗಲಿ ನಿಕಾನ್ ಡಿ3500ರಲ್ಲಾಗಲಿ ಹೊರಗಿನ ಮೈಕಿಗೆ ಜಾಗವೇ ಇಲ್ಲ. ಕ್ಯಾನನ್ 200ಡಿಯಲ್ಲಿ ಇದೆ. ಹಳೆಯ ಹಲವು ಕ್ಯಾಮೆರಾಗಳು ಅರ್ಧಗಂಟೆಗೆ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತವೆ. ಅದು ಯಂತ್ರದ ದೋಷವಲ್ಲ, ಮೂವತ್ತು ನಿಮಿಷ ದಾಟಿದರೆ ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾದ ಸುಂಕ ಬೀಳುತ್ತಿತ್ತು ಎಂದು ಕಂಪನಿಗಳು ಇಟ್ಟ ಮಿತಿ. ಅಲ್ಲೆಲ್ಲೋ ಉಳಿಸಿದ ಸುಂಕ ಇಲ್ಲಿ ಹರಿಕಥೆಯ ನಡುವೆ ಕೈಕೊಡುತ್ತದೆ. ಹೊಸತೇ ಬೇಕೆಂದರೆ 2021ರಲ್ಲಿ ಬಂದ ಸೋನಿ ಝಡ್‌ವಿ-ಇ10 ವಿಡಿಯೊದವರಿಗೆಂದೇ ಮಾಡಿದ್ದು, ತಿರುಗಿಸಿ ನೋಡುವ ಪರದೆ, ಮೈಕಿನ ಜಾಗ ಎರಡೂ ಇವೆ.

ಡ್ರೋನ್ ಬಗ್ಗೆ ಎರಡೇ ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗದ ಬಣ್ಣ ನೋಡಬೇಕು. ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ ಎಂಬುದನ್ನು ಆ ಕಡೆಯವರು ನೆನಪಿಡಬೇಕು. ತೇರಿನ ದಿನ ಜನರ ತಲೆಯ ಮೇಲೆ ಹಾರಿಸುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ.

ಎಲ್ಲಿ ಕೊಳ್ಳಬೇಕು? ಬೆಂಗಳೂರಿನ ಎಸ್.ಪಿ. ರಸ್ತೆ ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್. ಕುಣಿಗಲ್‌ಗೂ ಬೆಂಗಳೂರು ಹೆಚ್ಚುಕಮ್ಮಿ ಅಷ್ಟೇ ದೂರ, 2017ರಿಂದ ರೈಲೂ ಇದೆ. ಅಲ್ಲಿ ಇನ್ನೂರು ಮುನ್ನೂರು ಉಳಿಯಬಹುದು, ಆದರೆ ತಂತಿ ಕೈಕೊಟ್ಟ ದಿನ ಮತ್ತೆ ಅರ್ಧ ದಿನದ ಓಡಾಟ. ಮೈಕು, ಸ್ಟ್ಯಾಂಡು, ಕಾರ್ಡಿನಂಥ ಸಣ್ಣವನ್ನು ಊರಿನ ಅಂಗಡಿಯಲ್ಲೇ ಬಿಲ್ಲು ಸಮೇತ ಕೊಳ್ಳುವುದು ನನ್ನ ಪಾಠ. ಮೆಮೊರಿ ಕಾರ್ಡಿನಲ್ಲಿ ನಕಲಿ ವಿಪರೀತ. ವಿ30 ಗುರುತಿನದನ್ನು ಕೊಂಡು, ಕೆಲಸಕ್ಕೆ ಇಳಿಸುವ ಮೊದಲು ಒಮ್ಮೆ ಪೂರ್ತಿ ತುಂಬಿಸಿ ನೋಡಿ. ದೊಡ್ಡ ಕ್ಯಾಮೆರಾವನ್ನು ಊರಿನ ಸ್ಟುಡಿಯೊದವರಿಂದ ಒಂದು ದಿನಕ್ಕೆ ಬಾಡಿಗೆ ತಂದು ಆಡಿಸಿ ನೋಡಿದ ಮೇಲೆ ಕೊಳ್ಳುವುದೋ ಬೇಡವೋ ತೀರ್ಮಾನಿಸಿ.

ಆ ಹತ್ತು ಸಾವಿರದ ಹುಡುಗನಿಗೆ ನಾನು ಬರೆದುಕೊಟ್ಟ ಚೀಟಿ ಹೀಗಿತ್ತು: ತಂತಿಯ ಕಾಲರ್ ಮೈಕಿಗೆ ಸಾವಿರ, ಅಲ್ಲಾಡದ ಸ್ಟ್ಯಾಂಡಿಗೆ ಒಂದೂವರೆ ಸಾವಿರ, ಬ್ಯಾಟರಿ ಲೈಟಿಗೆ ಎರಡು ಸಾವಿರ, ಕಾರ್ಡು, ಕನ್ವರ್ಟರು, ತುಪ್ಪಳದ ಟೋಪಿ ಸೇರಿ ಸಾವಿರದೈನೂರು. ಉಳಿದ ನಾಲ್ಕು ಸಾವಿರ ಮೂರು ತಿಂಗಳು ಮುಟ್ಟಕೂಡದು. ಯೂಟ್ಯೂಬಿನಲ್ಲಿ ಜಾಹೀರಾತಿನ ದುಡ್ಡು ಬರಬೇಕಾದರೆ ಸಾವಿರ ಚಂದಾದಾರರ ಜೊತೆಗೆ, ಉದ್ದದ ವಿಡಿಯೊಗಳಿಗೆ ವರ್ಷದಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಬೇಕು. ಅಲ್ಲಿಯವರೆಗೆ ಕೈಯಿಂದಲೇ ಖರ್ಚು. ಎಡಿಟಿಂಗಿಗೆ ಫೋನಿನಲ್ಲಿ ಕೈನ್‌ಮಾಸ್ಟರ್, ಕಂಪ್ಯೂಟರಿದ್ದರೆ ಪುಕ್ಕಟೆ ಸಿಗುವ ಡಾವಿಂಚಿ ರಿಸಾಲ್ವ್. ಫೋನಿನ ವಿಡಿಯೊ ಕಂಪ್ಯೂಟರಿಗೆ ಹೋದ ಮೇಲೆ ಹತ್ತು ನಿಮಿಷಕ್ಕೆ ತುಟಿಯೂ ಮಾತೂ ಬೇರೆಯಾದರೆ ಗಾಬರಿ ಬೇಡ. ಫೋನು ಫ್ರೇಮಿನ ಲೆಕ್ಕವನ್ನು ಒಂದೇ ಸಮ ಇಡುವುದಿಲ್ಲ, ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಒಮ್ಮೆ ಹಾಯಿಸಿದರೆ ಸಮವಾಗುತ್ತದೆ.

ಎಡಿಟಿಂಗ್ ಮುಗಿದ ಮೇಲೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ತೃಪ್ತಿಪಡುವವರೇ ಎಲ್ಲ. ನೋಡುವವರು ಹಾಗೆ ಕೇಳುವುದಿಲ್ಲವಲ್ಲ. ನಾನು ಏರಿಸುವ ಮುನ್ನ ಫೋನು ಹಿಡಿದು ತುಮಕೂರು ಬಸ್ ನಿಲ್ದಾಣಕ್ಕೆ ಹೋಗುತ್ತೇನೆ. ಕುಣಿಗಲ್ ಬಸ್ಸು ಹಾರ್ನು ಹೊಡೆಯುತ್ತಿರಬೇಕು, ಕಂಡಕ್ಟರು ಕೂಗುತ್ತಿರಬೇಕು. ಅಲ್ಲಿ ನಿಂತು ಫೋನಿನ ಸ್ಪೀಕರಿನಲ್ಲೇ ಒಮ್ಮೆ ಹಾಕುತ್ತೇನೆ. ಪಕ್ಕದ ಬೆಂಚಿನವರು ಇಣುಕಿ ನೋಡಿ "ಅದೇನಂದ್ರು ಕೊನೇಲಿ?" ಎಂದು ಕೇಳಿದರೆ, ಮನೆಗೆ ವಾಪಸು ಹೋಗಿ ಆ ಸಾಲನ್ನು ಮತ್ತೆ ಹೇಳಿಸುತ್ತೇನೆ.